ತಾಳವಾಡಿಯಿಂದ ಒಂದು ದಿನ: ಕನ್ನೇರಿಮುಕ್ಕಿನ ಬಂಗಲೆ, ಆಮೇಲೆ ಊಟಿಯ ತೋಟ

ಊಟಿಗೆ ಹೋಗುವವರು ನೇರವಾಗಿ ಸಸ್ಯೋದ್ಯಾನಕ್ಕೆ ನುಗ್ಗಿ, ಹುಲ್ಲುಹಾಸಿನ ಮೇಲೆ ಫೋಟೋ ತೆಗೆಸಿಕೊಂಡು, ವರ್ಕಿ ಮತ್ತು ಚಾಕೊಲೇಟ್ ಕಟ್ಟಿಸಿಕೊಂಡು ಬರುತ್ತಾರೆ. ಆ ತೋಟಕ್ಕೆ ಮೂಲವಾದ ಮನೆ ಕೋಟಗಿರಿಯಿಂದ ಎರಡೇ ಕಿಲೋಮೀಟರ್ ದೂರದ ಕನ್ನೇರಿಮುಕ್ಕಿನಲ್ಲಿದೆ. ಅಲ್ಲಿಗೆ ಹೋಗುವವರು ಕಡಿಮೆ. ಮನೆ ಮೊದಲು, ತೋಟ ಆಮೇಲೆ ಎಂದು ಇಟ್ಟುಕೊಂಡರೆ ಎರಡೂ ಅರ್ಥವಾಗುತ್ತವೆ. ತಾಳವಾಡಿ ಕಡೆಯಿಂದ ಹೊರಡುವವರಿಗೆ ದಾರಿಯೂ ಹಾಗೇ ಒದಗಿ ಬರುತ್ತದೆ: ದಿಂಬಂ ಘಟ್ಟ ಇಳಿದು, ಕೋಟಗಿರಿ ಹತ್ತಿ, ಊಟಿ ನೋಡಿ, ಬಂಡೀಪುರದ ಮೇಲೆ ವಾಪಸು.

ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟ ಹತ್ತಿ ಕನ್ನೇರಿಮುಕ್ಕಿನಲ್ಲಿ ಬಂಗಲೆ ಕಟ್ಟಿಸಿದ. ಮೂರು ವರ್ಷದ ನಂತರ ಊಟಿಯಲ್ಲಿ ಕಲ್ಲಿನ ಮನೆ ಶುರು ಮಾಡಿದ. ಅದಕ್ಕಾಗಿ ಬೆಟ್ಟದ ಬುಡಕಟ್ಟಿನವರಾದ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಜಮೀನು ಕೊಂಡ. ಆಲೂಗಡ್ಡೆ, ಎಲೆಕೋಸಿನಂಥ ಸೀಮೆ ತರಕಾರಿಗಳನ್ನು ಬೆಟ್ಟದಲ್ಲಿ ಬೆಳೆಸಿ ನೋಡಿದವನೂ ಅವನೇ. ಇವತ್ತು ಕೋಟಗಿರಿಯಿಂದ ಊಟಿವರೆಗೆ ರಸ್ತೆಯ ಎರಡೂ ಬದಿ ಕಾಣುವ ಕ್ಯಾರೆಟ್, ಕೋಸು, ಬೀಟ್‌ರೂಟ್ ಮಡಿಗಳು ಆ ಕೆಲಸದ ಮುಂದುವರಿಕೆ.

ಯಾವಾಗ ಹೋಗಬೇಕು

ನೀಲಗಿರಿಯ ಎರಡು ಮಗ್ಗುಲಿಗೆ ಎರಡು ಮಳೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಗೂಡಲೂರು, ನಡುವಟ್ಟಂ ಕಡೆ ಜೋರು. ಅಕ್ಟೋಬರ್, ನವೆಂಬರ್‌ನ ಹಿಂಗಾರು ಕೋಟಗಿರಿ, ಕೂನೂರು ಕಡೆ ಜೋರು. ಈ ಸುತ್ತು ಎರಡೂ ಮಗ್ಗುಲನ್ನು ಮುಟ್ಟುವುದರಿಂದ ಎರಡೂ ಮಳೆ ತಪ್ಪಿಸಬೇಕು. ನವೆಂಬರ್‌ನಲ್ಲಿ ಮೆಟ್ಟುಪಾಳ್ಯ–ಕೋಟಗಿರಿ ರಸ್ತೆಯಲ್ಲಿ ಮಣ್ಣು ಕುಸಿಯುವುದು ಹೊಸದಲ್ಲ. 2009ರ ನವೆಂಬರ್‌ನಲ್ಲಿ ಆ ಕಡೆ ಆದ ಕುಸಿತಗಳಲ್ಲಿ ಜನರೇ ಸತ್ತಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಆಕಾಶ ಶುಭ್ರ, ಆದರೆ ರಾತ್ರಿ ಹಿಮ ಬಿದ್ದು ಹುಲ್ಲು ಕಂದುತ್ತದೆ. ತೋಟಕ್ಕೆ ಹೂವು, ರಸ್ತೆಗೆ ಬಿಸಿಲು ಎರಡೂ ಬೇಕೆಂದರೆ ಸೆಪ್ಟೆಂಬರ್ ಕೊನೆ ಅಥವಾ ಫೆಬ್ರವರಿ, ಮಾರ್ಚ್. ವಾರದ ನಡುವಿನ ದಿನವೇ ಲೇಸು.

ಮೇ ತಿಂಗಳ ಮಾತು ಬೇರೆ. ಪುಷ್ಪ ಪ್ರದರ್ಶನ ನಡೆಯುವುದು ಆಗಲೇ. ಜನ ಜಾತ್ರೆ. ಅಷ್ಟೇ ಅಲ್ಲ, ಆ ಸೀಸನ್ನಿನಲ್ಲಿ ಮೆಟ್ಟುಪಾಳ್ಯದಿಂದ ಹತ್ತುವ ವಾಹನಗಳನ್ನು ಸಾಮಾನ್ಯವಾಗಿ ಕೂನೂರು ರಸ್ತೆಗೆ ತಿರುಗಿಸಿ, ಕೋಟಗಿರಿ ರಸ್ತೆಯನ್ನು ಇಳಿಯುವವರಿಗೆ ಮಾತ್ರ ಬಿಡುತ್ತಾರೆ. ಆಗ ಈ ಕ್ರಮ ನಡೆಯುವುದಿಲ್ಲ. ಮೇನಲ್ಲೇ ಹೋಗಲೇಬೇಕಾದವರು ಬಂಡೀಪುರದ ಮೇಲೆ ಹೋಗಿ, ಊಟಿ ಮೊದಲು ನೋಡಿ, ಕೋಟಗಿರಿಯ ಮೇಲೆ ಇಳಿಯಬೇಕು. ಮನೆ ಕೊನೆಗೆ ಬರುತ್ತದೆ, ಬೇರೆ ದಾರಿಯಿಲ್ಲ.

ಹಿಂದಿನ ದಿನ ಮುಗಿಸಬೇಕಾದ ಕೆಲಸ

ಮೊದಲನೆಯದು ಇ-ಪಾಸ್. 2024ರ ಮೇನಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆಲ್ಲ ಇದು ಬೇಕು. ನಮ್ಮದೂ ತಮಿಳುನಾಡಿನ ಗಾಡಿಯೇ ಅಲ್ಲವೇ ಎಂದು ತಾಳವಾಡಿಯವರು ಬಿಟ್ಟುಹೋಗುವುದುಂಟು. ವಿನಾಯಿತಿ ಇರುವುದು ನೀಲಗಿರಿಯಲ್ಲೇ ನೋಂದಣಿಯಾದ, ಟಿಎನ್ 43 ಎಂದು ಶುರುವಾಗುವ ಗಾಡಿಗಳಿಗೆ. ಸರ್ಕಾರದ ಜಾಲತಾಣದಲ್ಲಿ ಗಾಡಿಯ ನಂಬರು, ಜನರ ಸಂಖ್ಯೆ, ದಿನಾಂಕ ತುಂಬಿದರೆ ಕ್ಯೂಆರ್ ಕೋಡ್ ಇರುವ ಪಾಸ್ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋವಾಗಿ ಉಳಿಸಿಕೊಳ್ಳಿ, ಒಂದು ಪ್ರತಿ ಪ್ರಿಂಟೂ ಇರಲಿ. ಕೋಟಗಿರಿ ರಸ್ತೆಯ ಕುಂಜಪ್ಪನೈ ಚೆಕ್‌ಪೋಸ್ಟ್‌ನಲ್ಲಿ ನೆಟ್‌ವರ್ಕ್ ನಂಬಿಕೊಂಡು ನಿಂತರೆ ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತವೆ. ಸೀಸನ್ನಿನಲ್ಲಿ ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿ ಹಾಕುವುದರಿಂದ ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸ್ ಬೇಡ.

ಎರಡನೆಯದು ಪರ್ಮಿಟ್. ವಾಪಸು ಬರುವಾಗ ಬಂಡೀಪುರ, ಗುಂಡ್ಲುಪೇಟೆ, ಚಾಮರಾಜನಗರ ಎಲ್ಲ ಕರ್ನಾಟಕ. ಸ್ವಂತ ಗಾಡಿಗೆ ತೊಂದರೆಯಿಲ್ಲ. ಬಾಡಿಗೆಯ ಟೆಂಪೋ, ಅಂದರೆ ಹಳದಿ ಬೋರ್ಡಿನ ಗಾಡಿಗೆ ಅಖಿಲ ಭಾರತ ಪರ್ಮಿಟ್ ಇಲ್ಲದಿದ್ದರೆ ಕರ್ನಾಟಕದ ತೆರಿಗೆ ಮೊದಲೇ ಕಟ್ಟಿಸಿ. ಬಾಡಿಗೆ ಮಾತಾಡುವಾಗಲೇ ಇದನ್ನು ಯಾರು ಕಟ್ಟುವುದು ಎಂದು ತೀರ್ಮಾನವಾಗಲಿ, ಇಲ್ಲದಿದ್ದರೆ ಕತ್ತಲಲ್ಲಿ ಚೆಕ್‌ಪೋಸ್ಟ್ ಮುಂದೆ ನಿಂತು ಜಗಳ.

ಮೂರನೆಯದು ಪ್ಲಾಸ್ಟಿಕ್. ನೀರಿನ ಬಾಟಲಿ, ತಂಪುಪಾನೀಯದ ಬಾಟಲಿ, ಕವರು, ಪ್ಲಾಸ್ಟಿಕ್ ತಟ್ಟೆಲೋಟ ಯಾವುದನ್ನೂ ಜಿಲ್ಲೆಯೊಳಗೆ ಬಿಡುವುದಿಲ್ಲ, ಸಿಕ್ಕರೆ ದಂಡ. ಹತ್ತು ಜನಕ್ಕೆ ಐದೈದು ಲೀಟರಿನ ಎರಡು ಸ್ಟೀಲ್ ಕ್ಯಾನು, ಪ್ರತಿಯೊಬ್ಬರಿಗೂ ಒಂದು ಲೋಟ ಸಾಕು. ಖಾಲಿಯಾದರೆ ರಸ್ತೆ ಬದಿಯ ನೀರಿನ ಎಟಿಎಂಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಬಹುದು. ಚಿಲ್ಲರೆ ಇಟ್ಟುಕೊಳ್ಳಿ.

ಬುತ್ತಿ

ತಲೆಗೆ ನೂರಿಪ್ಪತ್ತು, ನೂರಿಪ್ಪತ್ತೈದು ಗ್ರಾಂ ಅಕ್ಕಿ ಲೆಕ್ಕ. ಹತ್ತು ಜನಕ್ಕೆ ಒಂದೂಕಾಲು ಕೆಜಿ: ಮುಕ್ಕಾಲು ಕೆಜಿ ಚಿತ್ರಾನ್ನ ಅಥವಾ ಪುಳಿಯೋಗರೆಗೆ, ಅರ್ಧ ಕೆಜಿ ಮೊಸರನ್ನಕ್ಕೆ. ಮೊಸರನ್ನ ಕೆಡುವುದು ಬೆಟ್ಟದಲ್ಲಿ ಅಲ್ಲ, ಸತ್ಯಮಂಗಲದಿಂದ ಮೆಟ್ಟುಪಾಳ್ಯದವರೆಗಿನ ಸೆಕೆಯಲ್ಲಿ. ಅದಕ್ಕೇ ಬೆಳಿಗ್ಗೆ ಪೂರ್ತಿ ಮೊಸರು ಹಾಕಿ ಕಲಸಬಾರದು. ಅನ್ನ ಬಿಸಿಯಿರುವಾಗಲೇ ಮೆತ್ತಗೆ ಮಸೆದು, ಕಾಯಿಸಿದ ಹಾಲು ಮುಕ್ಕಾಲು ಲೀಟರ್ ಸೇರಿಸಿ, ತಣ್ಣಗಾದ ಮೇಲೆ ಎರಡು ಮೂರು ಚಮಚ ಮೊಸರು ಬೆರೆಸಿ ಮುಚ್ಚಿಡಿ. ಊಟದ ಹೊತ್ತಿಗೆ ಸರಿಯಾಗಿ ಹುಳಿ ಹಿಡಿದಿರುತ್ತದೆ. ಈರುಳ್ಳಿ ಹಾಕಬೇಡಿ, ಬೇಗ ವಾಸನೆ ಬರುತ್ತದೆ.

ಬೆಳಗಿನ ತಿಂಡಿ ಹಗುರವಾಗಿರಲಿ, ಎರಡು ಇಡ್ಲಿ ಸಾಕು. ದಿಂಬಂನಲ್ಲಿ 27 ಹೇರ್‌ಪಿನ್ ತಿರುವು ಇಳಿದು, ಮೆಟ್ಟುಪಾಳ್ಯದಿಂದ ಮತ್ತೆ ಹತ್ತಬೇಕು. ಪೂರಿ ತಿಂದು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ವಾಂತಿ ಮಾಡದೆ ಬಂದದ್ದು ಅಪರೂಪ.

ದಾರಿ ಮತ್ತು ಹೊತ್ತು

ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ದಿಂಬಂ ಘಟ್ಟ ಮುಚ್ಚಿರುತ್ತದೆ, ಬಂಡೀಪುರದ ರಸ್ತೆಯೂ ಅಷ್ಟೇ. ಇಡೀ ದಿನದ ಲೆಕ್ಕ ಈ ಎರಡು ಗೇಟಿನ ನಡುವೆ ಕೂಡಬೇಕು. ಆರಕ್ಕೆ ಘಟ್ಟದ ಮೇಲಿರುವಂತೆ ಹೊರಡಿ, ಏಳರೊಳಗೆ ಘಟ್ಟದ ಬುಡದ ಬಣ್ಣಾರಿ ದಾಟಿರುತ್ತೀರಿ. ತಡವಾದರೆ ಲಾರಿಗಳ ಸಾಲು ಸಿಗುತ್ತದೆ. ತಿರುವಿನಲ್ಲಿ ಒಂದು ಲಾರಿ ಸಿಕ್ಕಿಬಿದ್ದರೂ ಒಂದೆರಡು ಗಂಟೆ ಹೋಯಿತು. ಕಾರಪಳ್ಳಂ, ಹಾಸನೂರು ಕಡೆ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳಿದ್ದರೆ ದೂರದಲ್ಲೇ ಗಾಡಿ ನಿಲ್ಲಿಸಿ, ಹಾರನ್ ಮಾಡಬೇಡಿ, ಇಳಿಯಬೇಡಿ.

ಸತ್ಯಮಂಗಲದಿಂದ ಮುಂದೆ ದಾರಿ ಕೇಳುವ ಕೆಲಸವೇ ಇಲ್ಲ. ಸಿರುಮುಗೈ, ಮೆಟ್ಟುಪಾಳ್ಯ, ಕೋಟಗಿರಿ, ಊಟಿ ಎಲ್ಲ ರಾಜ್ಯ ಹೆದ್ದಾರಿ 15ರ ಮೇಲೆಯೇ ಇವೆ. ಮೆಟ್ಟುಪಾಳ್ಯದಲ್ಲಿ ಡೀಸೆಲ್, ಶೌಚಾಲಯ ಎರಡೂ ಮುಗಿಸಿ. ಅಲ್ಲಿಂದ ಕೋಟಗಿರಿಗೆ 33 ಕಿಲೋಮೀಟರ್, ಒಂದೂಕಾಲು ಗಂಟೆ. ಕೋಟಗಿರಿ ಸುಮಾರು 1,790 ಮೀಟರ್ ಎತ್ತರ, ಊಟಿ 2,240. ಸಾವಿರ ಮೀಟರಿಗೆ ಆರು ಡಿಗ್ರಿಯಂತೆ ತಂಪು ಹೆಚ್ಚುತ್ತದೆ. ಸ್ವೆಟರು ಡಿಕ್ಕಿಯ ತಳದಲ್ಲಿ ಬೇಡ, ಕೈಗೆ ಸಿಗುವ ಹಾಗಿರಲಿ.

ಬಂಗಲೆಯಲ್ಲಿ

ಹತ್ತು ಗಂಟೆಗೆ ಮೊದಲು ಹೋದರೆ ಬೀಗ ನೋಡಿಕೊಂಡು ನಿಲ್ಲಬೇಕು. ಕೋಟಗಿರಿ ಪೇಟೆಯಲ್ಲಿ ಟೀ ಕುಡಿದು ಹೊರಡಿ. ಅಂಗಡಿಯಲ್ಲಿ ಬಡಗರಿದ್ದರೆ ಕನ್ನಡದಲ್ಲೇ ನಿಧಾನವಾಗಿ ದಾರಿ ಕೇಳಬಹುದು, ಅವರ ಬಡಗ ಮಾತೂ ನಮಗೆ ಅರ್ಧ ತಿಳಿಯುತ್ತದೆ. ಕನ್ನೇರಿಮುಕ್ಕಿನ ರಸ್ತೆ ಕಿರಿದು, ದೊಡ್ಡ ಬಸ್ಸು ಒಯ್ಯಬೇಡಿ. ಸುತ್ತಲಿನ ಟೀ ತೋಟಗಳಲ್ಲಿ ಕಾಟಿ ಹಗಲಲ್ಲೇ ಮೇಯುತ್ತವೆ, ಸಂಜೆ ಕರಡಿಯೂ ಉಂಟು. ಮಕ್ಕಳನ್ನು ಟೀ ಗಿಡಗಳ ನಡುವೆ ಓಡಾಡಲು ಬಿಡಬಾರದು.

ಬಹುಕಾಲ ಹಾಳುಬಿದ್ದಿದ್ದ ಮನೆ ಇದು. ಜಿಲ್ಲಾಡಳಿತ ದುರಸ್ತಿ ಮಾಡಿಸಿದ ಮೇಲೆ ಈಗ ಸಲಿವನ್ ಸ್ಮಾರಕ, ನೀಲಗಿರಿ ದಾಖಲೆ ಕೇಂದ್ರ. ಅರಮನೆ ನೋಡಲು ಬಂದವರ ಹಾಗೆ ಬಂದರೆ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ, ಏಕೆಂದರೆ ಇದು ಎರಡು ಅಂತಸ್ತಿನ ಸಣ್ಣ ಮನೆ. ಹಾಗೆ ಓಡಬೇಡಿ. ಮೊದಲು ಹೊರಗೇ ನಿಂತು, ಕಣಿವೆ ಯಾವ ಕಡೆ ಬೀಳುತ್ತದೆ, ಬಾಗಿಲು ಯಾವ ಕಡೆಗಿದೆ ನೋಡಿ. ಬಯಲುಸೀಮೆಯ ಸೆಕೆ ಬಿಟ್ಟು ಬಂದವನು ಜಾಗ ಆರಿಸಿದ ಲೆಕ್ಕ ಅಲ್ಲೇ ತಿಳಿಯುತ್ತದೆ. ಆಮೇಲೆ ಒಳಗೆ ತೋಡ, ಕೋತ, ಕುರುಂಬ, ಇರುಳ, ಬಡಗರ ಹಳೆಯ ಚಿತ್ರಗಳು. ಈ ಚಿತ್ರಗಳಿಗೇ ಹೆಚ್ಚು ಹೊತ್ತು ಕೊಡಿ. ಸಲಿವನ್ ಬಂದಾಗ ಬೆಟ್ಟ ಖಾಲಿಯಿರಲಿಲ್ಲ. ತೋಡರ ಎಮ್ಮೆ, ಬಡಗರ ಹೊಲ, ಕೋತರ ಕುಲುಮೆ ಎಲ್ಲ ಇದ್ದವು. ಮರದ ಮೆಟ್ಟಿಲ ಮೇಲೆ ಒಟ್ಟಿಗೆ ಹತ್ತು ಜನ ಬೇಡ, ನಾಲ್ಕು ನಾಲ್ಕು ಜನ ಹತ್ತಿ. ಒಂದು ಗಂಟೆ ಸಾಕು. ಶೌಚಾಲಯಕ್ಕೆ ಕೋಟಗಿರಿ ಬಸ್ ನಿಲ್ದಾಣವನ್ನೇ ನೆಚ್ಚಿ.

ಊಟಿಯಲ್ಲಿ

ಹನ್ನೊಂದೂಕಾಲಕ್ಕೆ ಬಿಟ್ಟರೆ ಕಟ್ಟಬೆಟ್ಟು, ದೊಡ್ಡಬೆಟ್ಟ ಜಂಕ್ಷನ್ ದಾಟಿ ಹನ್ನೆರಡೂವರೆಗೆ ಊಟಿ. ಜಂಕ್ಷನ್‌ನಲ್ಲಿ ಯಾರಾದರೂ ಒಬ್ಬರು ದೊಡ್ಡಬೆಟ್ಟ ಹತ್ತೋಣ ಎನ್ನುತ್ತಾರೆ. 2,637 ಮೀಟರಿನ ತುದಿ ಹೌದು, ಆದರೆ ಅಲ್ಲಿಗೆ ಹತ್ತಿದರೆ ತೋಟಕ್ಕೆ ಹೊತ್ತಿಲ್ಲ. ಮೋಡ ಮುಚ್ಚಿದ್ದರಂತೂ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಸಲಿವನ್ನನ ಕಲ್ಲಿನ ಮನೆ ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದೊಳಗಿದೆ. ಕಾಲೇಜು ನಡೆಯುವ ದಿನ ಗೇಟಿನಲ್ಲಿ ಕೇಳಿಕೊಂಡು ಹೊರಗಿನಿಂದ ನೋಡಬಹುದು. ಅದಕ್ಕಿಂತ ಹತ್ತಿರದ ಸೇಂಟ್ ಸ್ಟೀಫನ್ಸ್ ಚರ್ಚ್ ತಪ್ಪಿಸಬಾರದು. 1829ರಲ್ಲಿ ಅಡಿಗಲ್ಲು ಹಾಕಿದ ಈ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಕಿತ್ತು ತಂದ ತೇಗ. ಒಳಗೆ ಹೋಗಿ ತಲೆಯೆತ್ತಿ ನೋಡಿ. ಮಗ್ಗುಲ ಗುಡ್ಡದ ಸಮಾಧಿಗಳಲ್ಲಿ ಸಲಿವನ್ನನ ಹೆಂಡತಿ, ಮಗಳ ಸಮಾಧಿ ಇವೆ; ಮೆಟ್ಟಿಲು ಪಾಚಿಗಟ್ಟಿ ಜಾರುತ್ತವೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯಿರುವುದರಿಂದ ಮಧ್ಯಾಹ್ನವೇ ಸರಿ. ಬುತ್ತಿಯನ್ನು ತೋಟಕ್ಕೆ ಹೊತ್ತೊಯ್ಯದೆ ಇಲ್ಲೇ ಗಾಡಿಯ ಬಳಿ ಮುಗಿಸಿಬಿಡಿ.

ಸರ್ಕಾರಿ ಸಸ್ಯೋದ್ಯಾನಕ್ಕೆ ಎರಡು ಗಂಟೆಗೆ ಒಳಹೊಕ್ಕರೆ ಎರಡು ಗಂಟೆ ಸಿಗುತ್ತದೆ. ರಜಾದಿನವಾದರೆ ಚಾರಿಂಗ್ ಕ್ರಾಸ್‌ನಲ್ಲಿ ಇಳಿದು ನಡೆಯುವುದೇ ಬೇಗ. ಇಲ್ಲಿ ಮೊದಲಿದ್ದದ್ದು ತಿಂಗಳಿಗೆ ಮೂರು ರೂಪಾಯಿ ಚಂದಾ ಕಟ್ಟಿದವರಿಗೆ ತರಕಾರಿ ಕೊಡುವ ತೋಟ. ಅದು ನಡೆಯದೆ ಹೋದಾಗ 1848ರಲ್ಲಿ ವಿಲಿಯಂ ಗ್ರಹಾಂ ಮ್ಯಾಕ್‌ಐವರ್ ಬಂದು, ಜವುಗು ಮತ್ತು ಇಳಿಜಾರಿನ ಜಾಗವನ್ನು ಸುಮಾರು ಹತ್ತು ವರ್ಷದಲ್ಲಿ ಉದ್ಯಾನ ಮಾಡಿದ. ಈಗ 22 ಹೆಕ್ಟೇರ್.

ಕೆಳಗಿನ ಬಾಗಿಲಿಗೂ ತೋಟದ ತುದಿಗೂ ಎತ್ತರದ ವ್ಯತ್ಯಾಸ ಇನ್ನೂರು ಮೀಟರಿಗೂ ಹೆಚ್ಚು. ಗಾಳಿ ತೆಳುವಾದ್ದರಿಂದ ಉಬ್ಬಸ, ಹೃದಯದ ತೊಂದರೆ ಇರುವವರು ಹತ್ತಬಾರದು. ಅಜ್ಜ ಅಜ್ಜಿಯರಿಗೆ ಕೆಳಗಿನ ಹುಲ್ಲುಹಾಸು, ಗಾಜಿನ ಮನೆ ಸಾಕು; ಜೊತೆಗೆ ಒಬ್ಬರು ಇರಲಿ, ಮತ್ತೆ ಸೇರುವ ಜಾಗ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ. ಕಾಲಲ್ಲಿ ಬಲವಿರುವವರು ಇಟಾಲಿಯನ್ ತೋಟಕ್ಕೆ ಹೋಗಿ. ಅದನ್ನು ರೂಪಿಸಿದವರು ಇಟಲಿಯ ಯುದ್ಧಕೈದಿಗಳು. ಕಲ್ಲಾದ ಮರದ ಬೊಡ್ಡೆಯನ್ನು ಹುಡುಕಿ: ಎರಡು ಕೋಟಿ ವರ್ಷದ್ದು ಎನ್ನುತ್ತಾರೆ, ಮಕ್ಕಳು ನಂಬುವುದೇ ಇಲ್ಲ. ಮರಗಳಲ್ಲಿ ಎಲ್ಲವನ್ನೂ ನೋಡಲು ಹೋದರೆ ಒಂದೂ ನೆನಪಿರುವುದಿಲ್ಲ. ಮುಳ್ಳು ಕೊಂಬೆಯ ಮಂಕಿ ಪಜಲ್, ಕಾಗದದಂತೆ ತೊಗಟೆ ಸುಲಿಯುವ ಪೇಪರ್ ಬಾರ್ಕ್, ಬೀಸಣಿಗೆ ಎಲೆಯ ಗಿಂಕ್ಗೊ, ಇವನ್ನು ಫಲಕ ಓದಿ ನಿಂತು ನೋಡಿ. ಮೇಲ್ತುದಿಯಲ್ಲಿ ತೋಡರ ಮಂಡು ಇದೆ. ಅದು ಜನರಿರುವ ಕೇರಿ. ಕೇಳದೆ ಅವರ ಫೋಟೋ ತೆಗೆಯುವುದು, ಗುಡಿಯ ಹತ್ತಿರ ಹೋಗುವುದು ಬೇಡ.

ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆಯ ಉದ್ಯಾನವೂ ಇದೆ, ಅಚ್ಚುಕಟ್ಟಾಗಿದೆ. ಆದರೆ ಎರಡು ತೋಟ ಒಂದೇ ಮಧ್ಯಾಹ್ನಕ್ಕೆ ಹಿಡಿಸುವುದಿಲ್ಲ. ದಿಂಬಂನಲ್ಲೇ ತಡವಾಗಿ ಕೋಟಗಿರಿಗೆ ಹನ್ನೆರಡಕ್ಕೆ ಬಂದಿದ್ದೀರಾ? ಹಾಗಾದರೆ ಊಟಿ ಬಿಡಿ. ಕೂನೂರಿನ ಸಿಮ್ಸ್ ಪಾರ್ಕ್‌ಗೆ ಹೋಗಿ. 1874ರ ತೋಟ, ಜನ ಕಡಿಮೆ, ಮರಗಳು ಊಟಿಯವಕ್ಕೆ ಏನೂ ಕಡಿಮೆಯಿಲ್ಲ. ಬಂದ ದಾರಿಯಲ್ಲೇ ಇಳಿದು ಒಂಬತ್ತರೊಳಗೆ ಬಣ್ಣಾರಿ ಮುಟ್ಟಬಹುದು.

ವಾಪಸು

ನಾಲ್ಕೂವರೆಗೆ ಊಟಿ ಬಿಡಲೇಬೇಕು. ಮೊಬೈಲಿನ ನಕ್ಷೆ ಕಲ್ಲಟ್ಟಿ ಮೇಲೆ ಮಸಿನಗುಡಿಗೆ ಇಳಿಯುವ ಹತ್ತಿರದ ದಾರಿ ತೋರಿಸುತ್ತದೆ. 36 ತಿರುವಿನ ಕಡಿದಾದ ಇಳಿಜಾರು ಅದು. ಬ್ರೇಕ್ ಕಾದು ಹಿಡಿಯದೆ ಅಪಘಾತಗಳಾಗಿ, ಹೊರಗಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ. ಪೈಕಾರ, ನಡುವಟ್ಟಂ, ಗೂಡಲೂರು ದಾರಿಯೇ ಗತಿ. ಅಲ್ಲೂ ಹತ್ತುವ ಗೇರಿನಲ್ಲೇ ಇಳಿಯಬೇಕು, ಎರಡನೇ ಗೇರು. ಬ್ರೇಕನ್ನು ಒತ್ತಿಕೊಂಡೇ ಇರಬೇಡಿ, ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಆರಲಿ. ಬಿಸಿ ಚಕ್ರಕ್ಕೆ ನೀರು ಸುರಿದರೆ ಡಿಸ್ಕ್ ಸೊಟ್ಟಗಾಗುತ್ತದೆ.

ಗೂಡಲೂರಿಗೆ ಆರೂಕಾಲು, ತೆಪ್ಪಕಾಡಿಗೆ ಏಳು, ಗುಂಡ್ಲುಪೇಟೆಗೆ ಎಂಟೂಕಾಲು. ಕಾಡಿನೊಳಗೆ ಎಲ್ಲೂ ನಿಲ್ಲಿಸಬೇಡಿ. ಗೂಡಲೂರಿನಲ್ಲೇ ಎಂಟು ಹೊಡೆದಿದ್ದರೆ ಗೇಟಿಗೆ ಓಡುವ ಸಾಹಸ ಬೇಡ. ಅಲ್ಲೇ ಲಾಡ್ಜ್ ಹಿಡಿದು ಬೆಳಿಗ್ಗೆ ಆರಕ್ಕೆ ಕಾಡು ದಾಟಿ.