ಹೊಸ ವಾಲ್ವುಗಳ ಸದ್ದು ಅಡಗಿಸಿದ್ದು ಹೀಗೆ: ನನ್ನ ಅನುಭವ

ಮೂರನೇ ಜೊತೆಯೂ ಸುಯ್ಯೆಂದಾಗ ವಾಲ್ವು (ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ನಿರ್ವಾತ ನಳಿಕೆ) ಕೊಳ್ಳುವುದನ್ನೇ ನಿಲ್ಲಿಸಿದೆ. ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ ಬೆಳೆಸುವ ನನ್ನ ಫೋನೋ ಪ್ರೀಆಂಪ್‌ನಲ್ಲಿ ಚಾನೆಲ್‌ಗೆ ಒಂದರಂತೆ ಎರಡು ಇಸಿಸಿ83 ಮಾದರಿಯ ವಾಲ್ವು. ಹಳೆಯ ಜೊತೆ ಎಂಟೊಂಬತ್ತು ವರ್ಷ ಹಾಡಿ, ಬಲಗಡೆ ದನಿ ಸೊರಗಿದ್ದಕ್ಕೆ ಬದಲಾಯಿಸಿದ್ದೆ. ಮೊದಲ ಜೊತೆ ಅಗ್ಗದ್ದು. ಎರಡನೆಯದು ‘ಹಳೆಯ ದಾಸ್ತಾನು, ಬಳಸದ ಮಾಲು’ ಎಂದು ದುಬಾರಿಗೆ ಬಂದದ್ದು. ಮೂರನೆಯದು ಸದ್ದು ಕಡಿಮೆ ಇರುವುದನ್ನೇ ಆರಿಸಿ ಕಳಿಸಿದ್ದೇವೆ ಎಂದು ಹೇಳಿ ಕೊಟ್ಟದ್ದು. ಒಟ್ಟು ಖರ್ಚಿನಲ್ಲಿ ಒಂದು ಒಳ್ಳೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬರುತ್ತಿತ್ತು. ವಾಪಸ್ ತಗೊಳ್ಳಿ ಎಂದರೆ, ಟೆಸ್ಟರ್‌ನಲ್ಲಿ ಎಮಿಷನ್ (ಒಳಗಿನ ಕ್ಯಾಥೋಡ್ ಎಂಬ ಭಾಗ ಕಾದು ಎಲೆಕ್ಟ್ರಾನ್ ಹೊರಬಿಡುವ ಶಕ್ತಿ) ಸರಿಯಾಗಿದೆ, ಹಾಗಾಗಿ ಮಾಲು ಸರಿ ಎಂಬ ಉತ್ತರ. ಎಮಿಷನ್ ಚೆನ್ನಾಗಿರುವ ವಾಲ್ವೂ ಸದ್ದು ಮಾಡಬಹುದು ಅನ್ನುವುದು ಅವರಿಗೆ ಬೇಡವಾಗಿತ್ತು.

ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ: ಎಡ–ಬಲ ಅದಲು ಬದಲು. ಸುಯ್ ಅನ್ನುವ ಸದ್ದು ವಾಲ್ವಿನ ಜೊತೆ ಆಚೆ ಹೋಯಿತು. ಆದರೆ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಬರುತ್ತಿದ್ದ ‘ಚಟ್’ ಬಲಗಡೆಯೇ ಉಳಿಯಿತು. ಅಂದರೆ ಆ ಚಟಚಟಕ್ಕೂ ವಾಲ್ವಿಗೂ ಸಂಬಂಧವೇ ಇಲ್ಲ, ಅದರ ಹೆಸರಿನಲ್ಲಿ ನಾನು ಎರಡು ಜೊತೆ ಕೊಂಡಿದ್ದೆ.

ಆಫ್ ಮಾಡಿ, ಫಿಲ್ಟರ್ ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಹಿಡಿದು ಖಚಿತಪಡಿಸಿಕೊಂಡು ಸಾಕೆಟ್ ನೋಡಿದೆ. ಪ್ಲೇಟಿನ (ವಾಲ್ವಿನೊಳಗೆ ಆ ಎಲೆಕ್ಟ್ರಾನ್ ಹಿಡಿಯುವ ಭಾಗ) ಪಿನ್ ಕೂರುವ ಕಡೆ ತಗಡು ಬಾಯಿ ತೆರೆದು ಸಡಿಲವಾಗಿತ್ತು, ಒಳಗೆ ಸಣ್ಣ ಕಪ್ಪು ಗೆರೆ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಂಬತ್ತೂ ತೂತು ಉಜ್ಜಿದೆ, ದಪ್ಪ ಸೂಜಿಯಿಂದ ತಗಡನ್ನು ಒಳಕ್ಕೆ ಒತ್ತಿದೆ. ವಾಲ್ವು ಈಗ ಗಟ್ಟಿಯಾಗಿ ಕೂತಿತು, ಆದರೂ ಚಟ್ ನಿಲ್ಲಲಿಲ್ಲ, ಕಡಿಮೆಯಾಯಿತಷ್ಟೆ. ಉಳಿದದ್ದು ಪ್ಲೇಟ್ ಲೋಡಿನದು, ಅಂದರೆ ಪ್ಲೇಟಿಗೆ ಹೈವೋಲ್ಟೇಜ್ ಹೋಗುವ ದಾರಿಯಲ್ಲಿರುವ ರೆಸಿಸ್ಟರಿನದು. 100 ಕಿಲೋ ಓಮ್‌ನ ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ಅಳೆದರೆ 120ರ ಮೇಲೆ ತೋರಿಸುತ್ತಿತ್ತು. ಎರಡೂ ಚಾನೆಲ್‌ಗೆ ಒಂದು ವಾಟ್‌ನ ಮೆಟಲ್ ಫಿಲ್ಮ್ ಹಾಕಿದೆ. ಚಟ್ ಅಲ್ಲಿಗೆ ಸತ್ತಿತು. ಒಂದು ವಾಲ್ವಿನ ಬೆಲೆಗೆ ಅಂಥ ರೆಸಿಸ್ಟರ್ ಹಿಡಿ ತುಂಬ ಸಿಗುತ್ತವೆ.

ಇನ್ನು ವಾಲ್ವಿನದೇ ಸುಯ್. ಹೊಸ ವಾಲ್ವನ್ನು ಕೂಡಿಸುವ ಮುಂಚೆ ಹೊರಗೆ ಓಡಿಸಿ ಪಳಗಿಸುತ್ತೇನೆ ಅಂದಾಗ, ರೇಡಿಯೊ ರಿಪೇರಿಯಲ್ಲೇ ತಲೆ ನರೆತ ಹಿರಿಯರೊಬ್ಬರು, “ಆಯಸ್ಸು ಸವೆಯುತ್ತೆ ಅಷ್ಟೇ ಕಣಪ್ಪಾ, ಸದ್ದು ಸವೆಯಲ್ಲ” ಅಂದರು. ಮೊದಲ ಪ್ರಯತ್ನದಲ್ಲಿ ಅವರ ಮಾತೇ ಗೆದ್ದಿತು. ಹೈವೋಲ್ಟೇಜ್ ಯಾಕೆ ಸುಮ್ಮನೆ ಎಂದು ಹೀಟರ್ (ಕ್ಯಾಥೋಡನ್ನು ಕಾಯಿಸುವ ತಂತಿ) ಮಾತ್ರ ಹಚ್ಚಿ ಮೂರು ವಾಲ್ವನ್ನು ಮೂರು ದಿನ ಬಿಟ್ಟಿದ್ದೆ. ಎರಡರಲ್ಲಿ ಏನೂ ವ್ಯತ್ಯಾಸವಿಲ್ಲ, ಒಂದು ಮೊದಲಿಗಿಂತ ಕೆಟ್ಟಿತ್ತು. ಕರೆಂಟ್ ಎಳೆಯದೆ ಕ್ಯಾಥೋಡನ್ನು ಬರೀ ಕಾಯಿಸುವುದು ಅದಕ್ಕೆ ಒಳ್ಳೆಯದಲ್ಲ.

ಎರಡನೇ ಸಲ ಸರಿಯಾದ ಸ್ಟ್ಯಾಂಡನ್ನೇ ಕಟ್ಟಿದೆ. ಹಳೆಯ ರೇಡಿಯೊದ ಟ್ರಾನ್ಸ್‌ಫಾರ್ಮರ್, ಸುಮಾರು 250 ವೋಲ್ಟ್ ಡಿಸಿ, ಆರು ಸಾಕೆಟ್, ಪ್ರತಿ ಟ್ರಯೋಡಿಗೆ (ಒಂದು ಇಸಿಸಿ83ರೊಳಗೆ ಸಿಗ್ನಲ್ ಬೆಳೆಸುವ ಇಂಥ ಎರಡು ಘಟಕಗಳಿರುತ್ತವೆ) ಪ್ಲೇಟಿನಲ್ಲಿ 100 ಕಿಲೋ, ಕ್ಯಾಥೋಡಿನಲ್ಲಿ ಒಂದೂವರೆ ಕಿಲೋ, ಗ್ರಿಡ್ (ಸಿಗ್ನಲ್ ಒಳಹೋಗುವ ಭಾಗ) ನೆಲಕ್ಕೆ, ಅಂದರೆ ಗ್ರೌಂಡಿಗೆ. ಒಂದೊಂದರಲ್ಲಿ ಮಿಲಿಆಂಪ್‌ಗೆ ತುಸು ಕಡಿಮೆ ಹರಿಯುತ್ತದೆ. ಹೀಟರಿಗೆ ಒಟ್ಟು 1.8 ಆಂಪ್ ಬೇಕು. ನನ್ನಲ್ಲಿ 6.8 ವೋಲ್ಟ್ ಬರುತ್ತಿತ್ತು, ಕಾಲು ಓಮ್ ಸೇರಿಸಿ 6.3ರ ಹತ್ತಿರ ತಂದೆ. ನಾಲ್ಕು ಗಂಟೆ ಆನ್, ಒಂದು ಗಂಟೆ ಆಫ್, ಹೀಗೆ ಅರವತ್ತು ಗಂಟೆಯಷ್ಟು. ಕಾದು ತಣ್ಣಗಾಗುತ್ತಾ ಒಳಗಿನ ಸಾಮಾನು ಜಾಗ ಹಿಡಿಯುತ್ತದೆ, ಉಳಿದ ಗ್ಯಾಸನ್ನು ನೆತ್ತಿಯ ಬೆಳ್ಳಿ ಬಣ್ಣದ ಗೆಟರ್ ಹೀರಿಕೊಳ್ಳುತ್ತದೆ. (ಆ ಬೆಳ್ಳಿ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಗೆ ಹೋಗಿದೆ ಎಂದರ್ಥ, ಹಚ್ಚಲೇಬೇಡಿ.)

ಮುಂಚೆ ಮತ್ತು ನಂತರ ಇನ್‌ಪುಟ್ ಶಾರ್ಟ್ ಮಾಡಿ ಸೌಂಡ್ ಕಾರ್ಡ್‌ಗೆ ರೆಕಾರ್ಡ್ ಮಾಡಿಕೊಂಡಿದ್ದೆ. ಆರರಲ್ಲಿ ನಾಲ್ಕು, ನೆನಪಿದ್ದಂತೆ ಐದರಿಂದ ಎಂಟು ಡೆಸಿಬೆಲ್ ಮೆತ್ತಗಾದವು. ಎಲ್ಲರಿಗಿಂತ ಕೆಳಗೆ ಬಂದದ್ದು ಮೊದಲ ಅಗ್ಗದ ಜೊತೆಯಲ್ಲಿನ ಒಂದು! ಐದನೆಯದು ಇದ್ದಂತೆಯೇ ಇತ್ತು, ಆರನೆಯದರಲ್ಲಿ ಮೇನ್ಸಿನ ಹಮ್ ಶುರುವಾಯಿತು.

ಆರಿಸಿ ಕೂಡಿಸುವುದರಲ್ಲೇ ಅರ್ಧ ಗೆಲುವಿದೆ. ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಐದು ಮಿಲಿವೋಲ್ಟ್‌ನಷ್ಟು. ಮೊದಲ ಹಂತದ ಸದ್ದು ಮುಂದಿನ ಎಲ್ಲ ಹಂತದಲ್ಲೂ ಬೆಳೆಯುತ್ತದೆ. ಹಾಗಾಗಿ ತೀರಾ ಮೌನವಾದ ಎರಡನ್ನು ಫೋನೋಗೆ, ಅವುಗಳ ನಂತರದ ಎರಡನ್ನು ಪವರ್ ಆಂಪ್‌ನ ಮೊದಲ ಹಂತಕ್ಕೆ, ಸುಯ್ ಬಿಡದ ಐದನೆಯದನ್ನು ಫೇಸ್ ಸ್ಪ್ಲಿಟರ್‌ಗೆ (ಸಿಗ್ನಲನ್ನು ಪರಸ್ಪರ ವಿರುದ್ಧವಾದ ಎರಡು ಪ್ರತಿಗಳಾಗಿ ಮಾಡುವ ನಂತರದ ಹಂತ) ಕೊಟ್ಟೆ. ಅಲ್ಲಿ ಅದು ಕೇಳಿಸುವುದೇ ಇಲ್ಲ. ಒಂದೇ ವಾಲ್ವಿನ ಎರಡು ಟ್ರಯೋಡುಗಳಲ್ಲಿ ಮೌನವಾದದ್ದು ಯಾವುದು ಎಂದು ಪ್ಲಗ್ ಕೀಳದೆ ತಿಳಿಯುವ ಒಂದು ಪರೀಕ್ಷೆ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಇನ್ನೂ ಏನೇನೋ ಮಾಡಿ ನೋಡಿದೆ. ಪೆನ್ಸಿಲ್‌ನಿಂದ ತಟ್ಟಿದರೆ ‘ಟಣ್’ ಅನ್ನುತ್ತಿದ್ದ ವಾಲ್ವಿಗೆ ಸಿಲಿಕೋನ್ ಉಂಗುರ ತೊಡಿಸಿದೆ. ಟಣ್ ಹೋಗಿ ‘ಟುಪ್’ ಬಂತು, ಮಾಯವಾಗಲಿಲ್ಲ. ಮಾಮೂಲಿ ರಬ್ಬರ್ ಹಾಕಿದ್ದು ಅರ್ಧ ಗಂಟೆಯಲ್ಲಿ ವಾಸನೆ ಹೊಡೆದು ಗಾಜಿಗೆ ಅಂಟಿತು. ಹೀಟರಿಗೆ ಡಿಸಿ ಕೊಟ್ಟಾಗ ಹಮ್ ಹೋಗಿ ಅದಕ್ಕಿಂತ ಹರಿತವಾದ ‘ಜರ್ರ್’ ಸೇರಿಕೊಂಡಿತು. ಡಯೋಡಿನ ಚಾರ್ಜಿಂಗ್ ಕರೆಂಟ್ ಸಿಗ್ನಲ್ ಗ್ರೌಂಡಿನ ಮೂಲಕ ಓಡುತ್ತಿತ್ತು, ಗ್ರೌಂಡ್ ಬೇರೆ ಮಾಡುವಷ್ಟರಲ್ಲಿ ಎರಡು ಭಾನುವಾರ ಹೋದವು. ಚಿನ್ನದ ಪಿನ್ನಿನಿಂದ ನನಗೆ ಯಾವ ಲಾಭವೂ ಕಾಣಲಿಲ್ಲ.

ಹಮ್ ಬಂದ ಆರನೆಯದನ್ನು ಎಸೆಯಲು ಮನಸ್ಸಾಗಲಿಲ್ಲ. ಹೀಟರಿನಿಂದ ಕ್ಯಾಥೋಡಿಗೆ ಸೋರುತ್ತಿದೆ ಎಂಬ ಗುಮಾನಿ. ಬಿ ಪ್ಲಸ್‌ನಿಂದ (ಪ್ಲೇಟಿಗೆ ಹೋಗುವ ಹೈವೋಲ್ಟೇಜ್) 220 ಕಿಲೋ, 47 ಕಿಲೋ ರೆಸಿಸ್ಟರ್‌ಗಳ ಡಿವೈಡರ್ ಹಾಕಿ, ಹೀಟರಿಗೆ ಕರೆಂಟ್ ಕೊಡುವ ಸುರುಳಿಯ ನಡು ತುದಿಯಾದ ಸೆಂಟರ್ ಟ್ಯಾಪನ್ನು ನೆಲದಿಂದ ಬಿಡಿಸಿ 50 ವೋಲ್ಟಿನಷ್ಟು ಮೇಲೆತ್ತಿದೆ. ಸ್ಪೀಕರಿಗೆ ಕಿವಿ ಆನಿಸಿದರೆ ಮಾತ್ರ ಕೇಳುವ ಹಾಗಾಯಿತು. ಈಗ ಅದೂ ಫೇಸ್ ಸ್ಪ್ಲಿಟರ್‌ನಲ್ಲೇ ಇದೆ, ಇನ್ನೊಂದು ಚಾನೆಲ್‌ನಲ್ಲಿ.

ಹಿರಿಯರು ಬಂದು ಟ್ವೀಟರಿಗೆ ಕಿವಿಯಿಟ್ಟು ಒಂದು ನಿಮಿಷ ಕೂತರು, ವಾಲ್ಯೂಮ್ ತಾವೇ ಮುಕ್ಕಾಲಿಗೆ ತಿರುಗಿಸಿದರು, ಏನೂ ಹೇಳಲಿಲ್ಲ. ಮುಂದಿನ ವಾರ ಹಳೆಯ ಬಟ್ಟೆಯಲ್ಲಿ ಸುತ್ತಿದ ಆರು ವಾಲ್ವು ತಂದು ಮೇಜಿನ ಮೇಲಿಟ್ಟರು. ಸ್ಟ್ಯಾಂಡಿನಲ್ಲಿ ಈಗ ಉರಿಯುತ್ತಿರುವುದು ಅವೇ, ಇಪ್ಪತ್ತೆರಡು ಗಂಟೆ ಆಗಿದೆ.