ದೊಡ್ಡ ಲೆನ್ಸ್ ಬೇಕು ಅಂತ ಮನೆಯವರಿಗೆ ಹೇಳುವುದು ಹೇಗೆ

ಹಕ್ಕಿ ಫೋಟೋ ತೆಗೆಯುವ ಹುಚ್ಚು ಹತ್ತಿದವರಿಗೆ ಈ ದಿನ ಬಂದೇ ಬರುತ್ತದೆ. ಕ್ಯಾಮೆರಾ ಜೊತೆ ಬಂದ ಲೆನ್ಸಿನಲ್ಲಿ ಮಿಂಚುಳ್ಳಿ ಬರೀ ನೀಲಿ ಚುಕ್ಕೆ. ಪಕ್ಕದಲ್ಲಿ ನಿಂತವರ ಉದ್ದನೆ ಲೆನ್ಸಿನಲ್ಲಿ ಅದರ ಕೊಕ್ಕಿನಲ್ಲಿರುವ ಮೀನಿನ ಕಣ್ಣೂ ಕಾಣುತ್ತದೆ. ಅವತ್ತಿನಿಂದ ತಲೆಯಲ್ಲಿ ಅದೇ. ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ನಿಕಾನ್ 200-500 ಎಂಎಂ ಲೆನ್ಸ್ (ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಹೊಸದು ಒಂದು ಲಕ್ಷದ ಆಸುಪಾಸು ಇತ್ತು, ಸೋನಿ 200-600 ಒಂದೂವರೆ ಲಕ್ಷ ದಾಟುತ್ತದೆ. ಸಫಾರಿಯಲ್ಲಿ ಕಾಣುವ ಆ ಫಿರಂಗಿಯಂಥ, ಹೆಚ್ಚು ಬೆಳಕು ಒಳಗೆ ಬಿಡುವ 600 ಎಂಎಂ ಎಫ್4 ಲೆನ್ಸುಗಳ ಮಾತು ಬಿಡಿ, ಹೊಸದು ಹತ್ತು ಲಕ್ಷ ಮೀರುತ್ತದೆ.

ನಾನು ಮೊದಲನೇ ಲೆನ್ಸ್ ತಂದಾಗ ತಪ್ಪು ಮಾಡಿದೆ. 58,000 ಕೊಟ್ಟಿದ್ದೆ, ಮನೆಯಲ್ಲಿ 18,000 ಅಂದೆ. ನನ್ನದೇ ಸಂಬಳದ ದುಡ್ಡು, ಕೇಳುವವರು ಯಾರು ಅಂತ ಒಳಗೊಳಗೇ ಅಂದುಕೊಂಡಿದ್ದೆ. ಹಾಗಿದ್ದರೆ ಸುಳ್ಳು ಯಾಕೆ ಹೇಳಿದೆ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್, ಅಂದರೆ ಬೂಷ್ಟು ಬಂತು. ರಿಪೇರಿಯವರು ನಾನು ಸಿಗಲಿಲ್ಲ ಅಂತ ನಮ್ಮ ಯಜಮಾನರಿಗೆ ಫೋನ್ ಮಾಡಿ, ಅರವತ್ತು ಸಾವಿರದ ಲೆನ್ಸು, ಹುಷಾರಾಗಿ ಇಟ್ಟುಕೊಳ್ಳಬಾರದಾ ಅಂದರಂತೆ. ಅವರು ಕೂಗಾಡಲಿಲ್ಲ. ಎರಡು ದಿನ ಬಿಟ್ಟು ಒಂದೇ ಮಾತು ಕೇಳಿದರು, "ನಾನು ಬೇಡ ಅಂತಿದ್ನಾ?" ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಎರಡನೇ ಲೆನ್ಸಿಗೆ ಬೇರೆ ದಾರಿ ಹಿಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಂಡತಿಗೆ ಹೇಳಬೇಕಾದ ಗಂಡಸರಿಗೂ ಇದೇ ದಾರಿ ಸಾಕು.

ಮೊದಲು ಒಬ್ಬರೇ ಕೂತು ಪೂರ್ತಿ ಲೆಕ್ಕ ಬರೆಯಿರಿ. ಬರೀ ಲೆನ್ಸಿನ ಬೆಲೆ ಬರೆದರೆ ಅದು ಅರ್ಧ ಸುಳ್ಳು. ಆ ನಿಕಾನ್ ಲೆನ್ಸು ಸುಮಾರು 2.3 ಕೆಜಿ ತೂಗುತ್ತದೆ. ಕೈಯಲ್ಲಿ ಹಿಡಿದು ಅರ್ಧ ಗಂಟೆ ನಿಂತರೆ ಭುಜ ಹೋಗುತ್ತದೆ, ಆಮೇಲೆ ಮೋನೋಪಾಡ್, ಅಂದರೆ ಒಂಟಿ ಕಾಲಿನ ಸ್ಟ್ಯಾಂಡ್ ಬೇಕೇ ಬೇಕು. ಹಳೇ ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ನಮ್ಮ ಮಳೆಗಾಲಕ್ಕೆ ಒಳಗೆ ತೇವ ಸೇರಿಸದ ಒಂದು ಡ್ರೈ ಕ್ಯಾಬಿನೆಟ್ ಬೇಕು. ಅದು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಆದರೂ ಇರಲಿ. ನೀಲಿ ಬಣ್ಣದ್ದು ತಗೊಳ್ಳಿ, ತೇವ ಹೀರಿ ಗುಲಾಬಿಯಾದಾಗ ಬದಲಾಯಿಸಬೇಕು ಅಂತ ಗೊತ್ತಾಗುತ್ತದೆ. ಮೆಮೊರಿ ಕಾರ್ಡು, ಪೆಟ್ರೋಲು, ಸಫಾರಿ ಟಿಕೆಟ್ಟು ಎಲ್ಲ ಸೇರಿಸಿ. ಹಲವು ಕಡೆ ಲೆನ್ಸ್ ದೊಡ್ಡದಾದಷ್ಟೂ ಅರಣ್ಯ ಇಲಾಖೆಯ ಕ್ಯಾಮೆರಾ ಶುಲ್ಕವೂ ಜಾಸ್ತಿ. ಕಬಿನಿಯಲ್ಲಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುವ ಆಸೆ ಇದ್ದರೆ ಅದನ್ನೂ ಈಗಲೇ ಬರೆಯಿರಿ, ಆಮೇಲೆ ಬಾಯಿ ಬಿಡುವುದು ಕಷ್ಟ.

ಆಮೇಲೆ ಇನ್ನೊಂದು ಲೆಕ್ಕ. ಇದನ್ನು ಯಾರೂ ಬರೆಯುವುದೇ ಇಲ್ಲ. ಭಾನುವಾರದ ಲೆಕ್ಕ.

ನಾನು ಬೆಳಿಗ್ಗೆ ಆರಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದರೆ ಮನೆ ಸೇರುವುದು ಹತ್ತಕ್ಕೆ. ಅಷ್ಟರಲ್ಲಿ ಹಾಲು ಕಾಯಿಸಬೇಕು, ದೋಸೆ ಹುಯ್ಯಬೇಕು, ಅತ್ತೆಯ ಮಾತ್ರೆ ಕೊಡಬೇಕು, ಮಗಳನ್ನು ಸಂಗೀತದ ಕ್ಲಾಸಿಗೆ ಬಿಡಬೇಕು. ಇದನ್ನೆಲ್ಲ ಮಾಡಿದವರು ನಮ್ಮ ಯಜಮಾನರು. ಕುಕ್ಕರಹಳ್ಳಿಯಾದರೆ ನಾಲ್ಕು ಗಂಟೆ, ದಾಂಡೇಲಿ ಕಡೆ ಹೋದರೆ ಮೂರು ದಿನ. ದುಡ್ಡಿಗಿಂತ ಇದೇ ಮನಸ್ಸಿನಲ್ಲಿ ಕೂತಿರುತ್ತದೆ, ಆದರೆ ಹೊರಗೆ ಬರುವಾಗ "ಇಷ್ಟು ದುಡ್ಡು ಯಾಕೆ ಹಾಕ್ತೀಯ" ಅಂತ ಬರುತ್ತದೆ. ನಾವು ದುಡ್ಡಿಗೆ ಉತ್ತರ ಕೊಡುತ್ತಾ ಕೂರುತ್ತೇವೆ, ಜಗಳ ಮುಗಿಯುವುದೇ ಇಲ್ಲ. ಅದಕ್ಕೇ ತಿಂಗಳಿಗೆ ಎಷ್ಟು ಭಾನುವಾರ ನಿಮ್ಮದು, ಎಷ್ಟು ಅವರದು ಅಂತ ಮೊದಲೇ ಹೇಳಿ. ನಮ್ಮಲ್ಲಿ ಎರಡು ನನಗೆ, ಒಂದು ಅವರ ಬುಲೆಟ್ ಬೈಕಿಗೆ, ಒಂದು ಮನೆಗೆ. ಈ ಹಂಚಿಕೆ ಆದ ಮೇಲೆ ದುಡ್ಡಿನ ಮಾತು ಅರ್ಧ ಹಗುರಾಯಿತು.

ಕೇಳುವಾಗ ಕೆಲವು ಮಾತು ಬೇಡವೇ ಬೇಡ. ಫೋಟೋ ಮಾರಿ ದುಡ್ಡು ವಾಪಸ್ ತರುತ್ತೇನೆ ಅನ್ನಬೇಡಿ. ಒಂದೂ ಫೋಟೋ ಮಾರದಿದ್ದರೆ ಆ ಮಾತು ವರ್ಷಗಟ್ಟಲೆ ನಿಮ್ಮ ಹೆಗಲ ಮೇಲೆ ಕೂರುತ್ತದೆ. ಆಫರ್ ನಾಳೆಗೆ ಮುಗಿಯುತ್ತದೆ ಅನ್ನಬೇಡಿ, ಯೋಚಿಸಲು ಟೈಮೇ ಕೊಡದೆ ಒಪ್ಪಿಗೆ ಕೇಳಿದ ಹಾಗಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, "ನಿಮ್ಮ ಬುಲೆಟ್ಟಿಗೆ ಹಾಕಲಿಲ್ವಾ?" ಅಲ್ಲಿಗೆ ಲೆನ್ಸಿನ ಮಾತು ಮುಗಿದು ಹತ್ತು ವರ್ಷದ ಹಳೇ ಕಡತ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಏನು ಹೇಳಬೇಕು? ನಿಜವಾದ ಕಾರಣ. ನಾನು ಹೇಳಿದ್ದು ಇಷ್ಟೇ: "ರೀ, ಇದರಿಂದ ಮನೆಗೆ ಉಪಯೋಗ ಏನೂ ಇಲ್ಲ. ನನಗೆ ತುಂಬ ಖುಷಿ ಕೊಡುತ್ತೆ. ಒಟ್ಟು ಇಷ್ಟು ಆಗುತ್ತೆ, ನೀವು ನೋಡಿ ಹೇಳಿ." ಹೆಂಗಸರಿಗೆ ಇದನ್ನು ಹೇಳುವುದು ಇನ್ನೂ ಕಷ್ಟ. ಮಿಕ್ಸಿಗೋ ಮಕ್ಕಳ ಫೀಸಿಗೋ ಆದರೆ ಧೈರ್ಯವಾಗಿ ಕೇಳುತ್ತೇವೆ, ನಮ್ಮ ಸಂತೋಷಕ್ಕೆ ಅಂತ ಕೇಳುವಾಗ ದನಿ ಇಳಿಯುತ್ತದೆ. ಇಳಿಯಬೇಕಾಗಿಲ್ಲ. ಆದರೆ ತಿಂಗಳ ಕೊನೆಯಲ್ಲಿ ಕೇಳಬೇಡಿ, ಅವರು ಆಫೀಸಿನಿಂದ ಬಂದ ತಕ್ಷಣವೂ ಬೇಡ, ಅತ್ತೆ ಮಾವನ ಎದುರಿಗಂತೂ ಬೇಡ. ಲೆಕ್ಕದ ಹಾಳೆ ಕೈಗೆ ಕೊಟ್ಟು ಒಂದು ವಾರ ಸುಮ್ನೆ ಇರಿ.

ದುಡ್ಡು ಹೊಂದಿಸಲು ನನಗೆ ಒಗ್ಗಿದ್ದು ತಿಂಗಳು ತಿಂಗಳು ಕಟ್ಟುವ ಠೇವಣಿ, ಆರ್‌ಡಿ. ತಿಂಗಳಿಗೆ 4,000 ಕಟ್ಟಿದರೆ 18 ತಿಂಗಳಿಗೆ 72,000, ಮೇಲೆ ಬಡ್ಡಿ. ಅಷ್ಟು ದಿನ ಕಾಯುವುದರಲ್ಲಿ ಇನ್ನೊಂದು ಲಾಭ ಇದೆ, ಆಸೆ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಕ್ರೆಡಿಟ್ ಕಾರ್ಡಿನ ನೋ ಕಾಸ್ಟ್ ಇಎಂಐ ಅಂದ ತಕ್ಷಣ ನಂಬಬೇಡಿ, ಸಾಮಾನ್ಯವಾಗಿ ಪ್ರೊಸೆಸಿಂಗ್ ಫೀ ಇರುತ್ತದೆ, ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಮನೆ ಕಷ್ಟಕ್ಕೆ ಅಂತ ಹಾಕಿದ ಚೀಟಿಯನ್ನು ಲೆನ್ಸಿಗೆ ಎತ್ತಬೇಡಿ.

ಕೊಳ್ಳುವ ಮುಂಚೆ ಒಂದು ವಾರಾಂತ್ಯ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದೊಡ್ಡ ಲೆನ್ಸುಗಳು ದಿನದ ಬಾಡಿಗೆಗೆ ಸಿಗುತ್ತವೆ. ತಂದ ದಿನ ಮನೆಯವರನ್ನೂ ಕರೆದುಕೊಂಡು ಹೋಗಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಒಳ್ಳೇ ಜಾಗ. ಬೇಸಿಗೆಗೆ ಮುಂಚೆ ಹೋದರೆ ಊರ ನಡುವಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಜನ ಕೆಳಗೆ ಓಡಾಡುತ್ತಿದ್ದರೂ ಅವಕ್ಕೆ ಗಾಬರಿಯಿಲ್ಲ. ನಮ್ಮವರು ಅಲ್ಲಿ ಕ್ಯಾಮೆರಾ ಇಸಿದುಕೊಂಡು, ಮರಿಯೊಂದು ತಾಯಿಯ ಗಂಟಲಚೀಲದೊಳಗೆ ತಲೆ ತೂರಿಸುವುದನ್ನು ಹತ್ತು ನಿಮಿಷ ನೋಡಿದರು. ಲೆನ್ಸಿನ ಬೆಲೆ ಕಮ್ಮಿಯೇನೂ ಆಗಲಿಲ್ಲ, ಆದರೆ ನಾನು ಭಾನುವಾರ ಎಲ್ಲಿಗೆ ಹೋಗುತ್ತೇನೆ ಅನ್ನುವುದು ಅವರಿಗೆ ಆವತ್ತು ಗೊತ್ತಾಯಿತು.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಒಳ್ಳೆಯದು. ತುಂಬ ಜನ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ಕಡೆ ಹೋಗುತ್ತಿರುವುದರಿಂದ, ಕನ್ನಡಿಯಿರುವ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸುಗಳು ಕಮ್ಮಿ ಬೆಲೆಗೆ ಬರುತ್ತವೆ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ, ಅದೇ ಫಂಗಸ್. ಜೂಮ್ ರಿಂಗ್ ತಡೆಯಿಲ್ಲದೆ ತಿರುಗಬೇಕು. ಅಲ್ಲೇ ನಾಲ್ಕು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮೂಲ ಬಿಲ್ ಕೇಳಿ ಇಸಿದುಕೊಳ್ಳಿ.

ಅವರು ಈಗ ಬೇಡ ಅಂದರೆ? ಯಾಕೆ ಅಂತ ಕೇಳಿ, ಯಾವಾಗ ಮತ್ತೆ ಮಾತಾಡೋಣ ಅಂತಲೂ ಕೇಳಿ. ಸಾಲ ಇದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ ಅವರ ಮಾತು ಸರಿ, ಬಾಡಿಗೆ ಲೆನ್ಸಿನಲ್ಲಿ ಒಂದು ವರ್ಷ ಕಳೆಯಬಹುದು. ಕಾರಣವೇ ಇಲ್ಲದೆ ಪ್ರತಿ ಸಲ ಬೇಡ ಅಂದರೆ ಅದು ಲೆನ್ಸಿನ ವಿಷಯವೇ ಅಲ್ಲ, ಆ ಮಾತನ್ನು ಬೇರೆಯಾಗಿಯೇ ಆಡಬೇಕು.

ಲೆನ್ಸ್ ಮನೆಗೆ ಬಂದ ದಿನ ಡಬ್ಬ ಬಿಚ್ಚುವ ಮುಂಚೆ ಬಿಲ್ ಅವರ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಈಗ ಅದು ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಬಿಲ್ ಇರುವ ಫೈಲಿನಲ್ಲೇ ಇದೆ. ಹಳೇ 58,000ದ ಬಿಲ್ಲನ್ನೂ ಹುಡುಕಿ ಅದರ ಪಕ್ಕ ಸೇರಿಸಿದ್ದೇನೆ.