ಇಟಾಲಿಯನ್ ಹೋಟೆಲಿಗೆ ಮನೆಮಂದಿಯೆಲ್ಲ ಹೋದಾಗ ಆರ್ಡರ್ ಮಾಡುವುದು ಹೇಗೆ?

ಮೈಸೂರಿನಲ್ಲಿ ಈಗ ಮನೆಯಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದರೆ ಮಕ್ಕಳು ಇಟಾಲಿಯನ್ ಹೋಟೆಲಿಗೇ ಹೋಗೋಣ ಅನ್ನುತ್ತಾರೆ. ಹಿರಿಯರೂ ಖುಷಿಯಾಗಿ ಹೊರಡುತ್ತಾರೆ. ರಾತ್ರಿ ಹತ್ತಕ್ಕೆ ಮನೆಗೆ ಬಂದ ಮೇಲೆ ಅದೇ ಹಿರಿಯರು ಅಡುಗೆಮನೆಯಲ್ಲಿ ನಿಂತು ಮೊಸರನ್ನ ಕಲೆಸಿಕೊಳ್ಳುತ್ತಿರುತ್ತಾರೆ. ಸಾವಿರಾರು ರೂಪಾಯಿ ಬಿಲ್ ಕೊಟ್ಟು ಹೀಗಾದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ನಾನು ನೋಡಿದ ಹಾಗೆ, ಊಟ ಕೆಡುವುದು ಮೆನು ಕೈಗೆ ಬಂದ ಮೊದಲ ಹತ್ತು ನಿಮಿಷದಲ್ಲೇ.

ನನ್ನ ಸೋದರತ್ತೆ ಮಂಡ್ಯದವರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವರಲ್ಲ. ಎರಡು ವರ್ಷದ ಹಿಂದೆ ಒಂದು ದುಬಾರಿ ಹೋಟೆಲಿನಲ್ಲಿ ಅವರಿಗೆ ಸೀಸರ್ ಸಲಾಡ್ ತರಿಸಿದೆವು. ‘ಚಿಕನ್ ಹಾಕಬೇಡಿ’ ಅಂತ ಎರಡು ಸಲ ಹೇಳಿದ್ದೆವು. ಅರ್ಧ ತಿಂದ ಮೇಲೆ ಅತ್ತೆ, ‘ಇದೇನೋ ಒಂಥರಾ ವಾಸನೆ ಬರ್ತದಲ್ಲ ಕಣಪ್ಪ’ ಅಂದರು. ಸರ್ವರನ್ನು ಕರೆದು ಕೇಳಿದರೆ, ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನು ಅರೆದು ಹಾಕಿರುತ್ತೆ ಅಂದರು. ಅತ್ತೆ ಫೋರ್ಕ್ ಕೆಳಗಿಟ್ಟರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ನಾವೆಲ್ಲ ಮುಗಿಸುವ ತನಕ ನೀರು ಕುಡಿಯುತ್ತಾ ಕೂತಿದ್ದರು, ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಹೊರಡುವ ಮುಂಚೆ

ಶನಿವಾರ, ಭಾನುವಾರ, ದಸರಾ ದಿನಗಳಲ್ಲಿ ಫೋನ್ ಮಾಡಿ ಟೇಬಲ್ ಹಿಡಿದಿಡಿ. ಏಳೂವರೆಗೆಲ್ಲ ಹೋಗಿಬಿಡಿ, ಆಗ ಸರ್ವರ್‌ಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತೆ.

ಮೆನು ಓದುವುದು

ಮೆನುವಿನಲ್ಲಿ ಐದು ಭಾಗ ಇರುತ್ತವೆ. ಆಂಟಿಪಾಸ್ತಿ ಅಂದರೆ ಊಟಕ್ಕೆ ಮುಂಚಿನದು. ಪ್ರೀಮಿ ಅಂದರೆ ಪಾಸ್ತಾ, ಅಕ್ಕಿಯಲ್ಲಿ ಮಾಡುವ ರಿಸೊಟ್ಟೊ. ಸೆಕೊಂಡಿ ಅಂದರೆ ಮಾಂಸ, ಮೀನು. ಕೊಂತೋರ್ನಿ ಅಂದರೆ ಪಕ್ಕಕ್ಕೆ ತರಕಾರಿ. ಡೊಲ್ಚಿ ಅಂದರೆ ಸಿಹಿ. ಐದರಿಂದಲೂ ಒಂದೊಂದು ತರಿಸಬೇಕು ಅಂತೇನಿಲ್ಲ. ನಾಲ್ಕು ಜನಕ್ಕೆ ಒಂದು ಆಂಟಿಪಾಸ್ತಿ, ಒಂದು ಪಿಜ್ಜಾ, ಎರಡು ಪಾಸ್ತಾ ಸಾಕು. ಸೂಪ್ ಬೈ-ಟೂ ಮಾಡಿಸುವ ಹಾಗೆ ಪಾಸ್ತಾವನ್ನೂ ಎರಡು ತಟ್ಟೆಗೆ ಹಾಕಿ ಕೊಡಿ ಅಂತ ಕೇಳಬಹುದು. ಸಂಕೋಚ ಬೇಡ.

ಗಾರ್ಲಿಕ್ ಬ್ರೆಡ್ ತರಿಸಬೇಡಿ. ಅದರಲ್ಲೇ ಹೊಟ್ಟೆ ತುಂಬಿಬಿಡುತ್ತೆ. ಅದರ ಬದಲು ಬ್ರುಸ್ಕೆಟ್ಟಾ ತರಿಸಿ: ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಟೊಮೆಟೊ, ಆಲಿವ್ ಎಣ್ಣೆ. ‘ಟ್ರಫಲ್ ಆಯಿಲ್’ ಅಂತ ಬರೆದು ರೇಟು ಏರಿಸಿದ್ದರೆ ಅದನ್ನೂ ಬಿಡಿ. ಆ ಎಣ್ಣೆಗಳಲ್ಲಿ ಹೆಚ್ಚಿನವು ಕೃತಕ ವಾಸನೆ ಬೆರೆಸಿದವು, ಟ್ರಫಲ್ ಅಣಬೆಯ ರುಚಿ ಅದರಲ್ಲಿ ಸಿಗುವುದಿಲ್ಲ.

ಸಸ್ಯಾಹಾರಿಗಳಿದ್ದರೆ ಏನು ಕೇಳಬೇಕು

ಎಲ್ಲರೂ ಎಡವುವುದು ಇಲ್ಲೇ. ‘ವೆಜ್ ತಾನೆ?’ ಅಂತ ಕೇಳಿದರೆ ಸರ್ವರ್ ‘ಹೌದು’ ಅನ್ನುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಮಾಂಸದ ತುಂಡು ಇಲ್ಲದಿದ್ದರೆ ವೆಜ್ ಅಂತ ಅವರ ಲೆಕ್ಕ. ಅದಕ್ಕೇ ಬಿಡಿಬಿಡಿಯಾಗಿ ಕೇಳಬೇಕು.

ಮೊದಲು ಪಾಸ್ತಾ ಬಗ್ಗೆ ಕೇಳಿ. ಒಣ ಸ್ಪಗೆಟ್ಟಿ, ಪೆನ್ನೆ ಮಾಡುವುದು ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರಿನಲ್ಲಿ. ‘ಫ್ರೆಶ್’, ‘ಹ್ಯಾಂಡ್‌ಮೇಡ್’ ಅಂತ ಹೆಚ್ಚು ದುಡ್ಡು ತೆಗೆದುಕೊಳ್ಳುವ ತಾಲ್ಯಟೆಲ್ಲೆ, ರವಿಯೋಲಿಗಳ ಹಿಟ್ಟನ್ನು ಬಹಳ ಕಡೆ ಮೊಟ್ಟೆ ಹಾಕಿಯೇ ಕಲೆಸುತ್ತಾರೆ. ಕಣ್ಣಿಗೆ ಕಾಣುವುದೇ ಇಲ್ಲ. ಮೊಟ್ಟೆ ತಿನ್ನದವರಿಗೆ ಒಣ ಪಾಸ್ತಾನೇ ವಾಸಿ.

ಆಮೇಲೆ ಚೀಸ್. ಇಟಲಿಯ ಅಸಲಿ ಪಾರ್ಮೆಸಾನ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅಲ್ಲಿನ ನಿಯಮವೇ ಹಾಗಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ನಮ್ಮ ದೇಶದಲ್ಲಿ ಮಾಡುವ ಚೀಸ್‌ಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮೈಕ್ರೋಬಿಯಲ್ ರೆನೆಟ್ ಬಳಸುತ್ತಾರೆ, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರುತ್ತೆ. ‘ಚೀಸ್ ಪ್ಯಾಕೆಟ್ ಸ್ವಲ್ಪ ತೋರಿಸ್ತೀರಾ?’ ಅಂತ ಕೇಳಿ. ಒಳ್ಳೆಯ ಹೋಟೆಲಿನವರು ತಂದು ತೋರಿಸುತ್ತಾರೆ. ಮುಖ ಗಂಟು ಹಾಕಿಕೊಂಡರೆ ಆ ಚೀಸ್ ಬೇಡ ಅನ್ನಿ. ಪೆಸ್ಟೋ ನೋಡಲು ಕೊತ್ತಂಬರಿ ಚಟ್ನಿ ಥರ ಇದ್ದರೂ ಅದರಲ್ಲೂ ಪಾರ್ಮೆಸಾನ್ ಇರುತ್ತೆ, ಮರೆಯಬೇಡಿ.

ಇನ್ನು ಸ್ಟಾಕ್, ಅಂದರೆ ತರಕಾರಿಯನ್ನೋ ಮಾಂಸವನ್ನೋ ಬೇಯಿಸಿದ ನೀರು. ಮಿನೆಸ್ಟ್ರೋನೆ ಸೂಪಿನಲ್ಲಿ ಕಾಣುವುದು ಬರೀ ತರಕಾರಿ, ಕಾಳು. ರಿಸೊಟ್ಟೊದಲ್ಲಿ ಕಾಣುವುದು ಅನ್ನ. ಎರಡನ್ನೂ ಚಿಕನ್ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ‘ಯಾವ ಸ್ಟಾಕ್ ಹಾಕ್ತೀರಿ?’ ಅಂತಲೇ ಕೇಳಬೇಕು. ಸೀಸರ್ ಡ್ರೆಸಿಂಗ್, ಪುಟ್ಟನೆಸ್ಕಾ ಸಾಸ್ ಎರಡರಲ್ಲೂ ಆಂಚೊವಿ ಇರುತ್ತೆ. ಮರಿನಾರಾ ಹೆಸರಿನಲ್ಲಿ ಸಮುದ್ರ ಇದ್ದರೂ ಅದು ಟೊಮೆಟೊ, ಬೆಳ್ಳುಳ್ಳಿಯ ಸಾಸ್. ಹೆದರಬೇಕಾಗಿಲ್ಲ.

ಸಿಹಿಯಲ್ಲೂ ಹುಷಾರಾಗಿರಿ. ತಿರಮಿಸುವಿಗೆ ಮೊಟ್ಟೆ ಬೀಳುತ್ತೆ, ಕೆಲವು ಕಡೆ ಮದ್ಯವೂ ಬೀಳುತ್ತೆ. ಪನ್ನಾ ಕೊಟ್ಟಾ ಗಟ್ಟಿಯಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್‌ನಿಂದ. ಚೈನಾ ಗ್ರಾಸ್ ಹಾಕಿ ಮಾಡಿದ್ದರೆ ಮಾತ್ರ ತಿನ್ನಬಹುದು. ನಮ್ಮ ಕಾಫಿ ಪ್ರಿಯರಿಗೆ ಅಫೊಗಾಟೊ ಹೇಳಿ ಮಾಡಿಸಿದ್ದು: ಹಸಿರು ಚುಕ್ಕೆಯ ವೆನಿಲಾ ಐಸ್‌ಕ್ರೀಮ್ ಮೇಲೆ ಬಿಸಿ ಎಸ್ಪ್ರೆಸೊ ಸುರಿದು ಕೊಡುತ್ತಾರೆ.

ಹೋದ ವರ್ಷ ಅತ್ತೆಯನ್ನು ಮತ್ತೆ ಒಪ್ಪಿಸಿ ಕರೆದುಕೊಂಡು ಹೋದೆ. ಬೇರೆ ಹೋಟೆಲು. ಇಷ್ಟನ್ನೂ ಕೇಳಿದ ಮೇಲೆ ಅವರಿಗೆ ತರಿಸಿದ್ದು ಪೆನ್ನೆ ಅರಾಬಿಯಾಟಾ, ಚೀಸ್ ಉದುರಿಸದೆ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆ, ಅಷ್ಟೇ. ಅರಾಬಿಯಾಟಾ ಅಂದರೆ ಇಟಾಲಿಯನ್‌ನಲ್ಲಿ ‘ಸಿಟ್ಟು ಬಂದದ್ದು’ ಅಂತ. ಖಾರಕ್ಕೆ ಆ ಹೆಸರು. ಅತ್ತೆ ತಟ್ಟೆ ಖಾಲಿ ಮಾಡಿ, ಉಳಿದ ಸಾಸನ್ನು ಬ್ರೆಡ್ ತುಂಡಿನಲ್ಲಿ ಬಳಿದು ತಿಂದರು. ಹಾಗೆ ಬಳಿಯುವುದು ಇಟಲಿಯಲ್ಲೂ ಇದೆ, ಅದಕ್ಕೆ ಸ್ಕಾರ್ಪೆಟ್ಟಾ ಅನ್ನುತ್ತಾರೆ.

ತಟ್ಟೆ ಬಂದಾಗ

‘ಬೆಂದಿಲ್ಲ’ ಅಂತ ವಾಪಸ್ ಕಳಿಸುವ ಮುಂಚೆ ಒಂದು ನಿಮಿಷ ತಾಳಿ. ನಮ್ಮ ಮುದ್ದೆಯನ್ನು ನುಂಗಬೇಕು, ಪಾಸ್ತಾವನ್ನು ಅಗಿಯಬೇಕು. ನಡುವೆ ಚೂರು ಗಟ್ಟಿ ಉಳಿಯುವ ಆ ಹದಕ್ಕೆ ಆಲ್ ದೆಂತೆ ಅನ್ನುತ್ತಾರೆ, ಹಲ್ಲಿಗೆ ಸಿಗುವಂತೆ ಅಂತ ಅರ್ಥ. ಹಲ್ಲಿನ ತೊಂದರೆ ಇರುವ ಹಿರಿಯರಿದ್ದರೆ ಆರ್ಡರ್ ಮಾಡುವಾಗಲೇ ‘ಇವರದ್ದು ಸ್ವಲ್ಪ ಜಾಸ್ತಿ ಬೇಯಿಸಿ’ ಅನ್ನಿ. ರಿಸೊಟ್ಟೊ ಕೂಡ ಒಲೆಯಿಂದ ಆಗ ಇಳಿಸಿದ ಬಿಸಿಬೇಳೆಬಾತಿನ ಹಾಗೆ ತಟ್ಟೆಯಲ್ಲಿ ಹರಡಿಕೊಳ್ಳಬೇಕು. ಅಕ್ಕಿಯಿಂದ ಶುರು ಮಾಡಿದರೆ ಅದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತೆ. ಐದೇ ನಿಮಿಷಕ್ಕೆ ಬಂದರೆ ಮೊದಲೇ ಬೇಯಿಸಿಟ್ಟದ್ದು ಅಂತಲೇ ಲೆಕ್ಕ.

ನೇಪಲ್ಸ್ ಶೈಲಿಯ ಪಿಜ್ಜಾ ಸುಮಾರು 485 ಡಿಗ್ರಿ ಒಲೆಯಲ್ಲಿ 60ರಿಂದ 90 ಸೆಕೆಂಡಿಗೆ ಬೇಯುತ್ತೆ. ಅಂಚಿನಲ್ಲಿ ಕಪ್ಪು ಚುಕ್ಕೆ, ನಡುವೆ ಮೆತ್ತಗೆ. ಅದು ಸೀದದ್ದಲ್ಲ. ಈ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅದರ ಮೇಲೆ ಕೆಚಪ್ ಸುರಿಯಬೇಡಿ. ಕೈಯಲ್ಲಿ ಮಡಚಿ ತಿನ್ನಿ.

ಸ್ಪಗೆಟ್ಟಿಯನ್ನು ಚಾಕುವಿನಲ್ಲಿ ಕತ್ತರಿಸಬೇಡಿ. ಫೋರ್ಕಿನ ತುದಿಗೆ ಮೂರೋ ನಾಲ್ಕೋ ಎಳೆ ಮಾತ್ರ ಹಿಡಿಯಿರಿ. ಜಾಸ್ತಿ ಹಿಡಿದರೆ ಉಂಡೆ ದಪ್ಪವಾಗಿ ಬಾಯಿಗೆ ಹಿಡಿಸುವುದಿಲ್ಲ. ಆ ಎಳೆಗಳನ್ನು ರಾಶಿಯಿಂದ ತಟ್ಟೆಯ ಅಂಚಿಗೆ ಎಳೆದುಕೊಳ್ಳಿ. ಫೋರ್ಕ್ ನೆಟ್ಟಗೆ ನಿಲ್ಲಿಸಿ, ಮೊನೆ ತಟ್ಟೆಗೆ ತಾಗಿರಲಿ, ಒಂದೇ ಕಡೆಗೆ ತಿರುಗಿಸಿ. ಬಾಲ ಪೂರ್ತಿ ಸುತ್ತಿಕೊಂಡ ಮೇಲೆ ಎತ್ತಿ. ಒತ್ತು ಶಾವಿಗೆ ತಿಂದು ಬೆಳೆದ ಮಕ್ಕಳು ಎರಡು ಸಲಕ್ಕೇ ಕಲಿಯುತ್ತಾರೆ. ಬಿಳಿ ಶರ್ಟು, ರೇಷ್ಮೆ ಸೀರೆ ಉಟ್ಟು ಬಂದಿದ್ದರೆ ಸ್ಪಗೆಟ್ಟಿ ಬಿಟ್ಟು ಪೆನ್ನೆ ತರಿಸಿ.

ಬಿಲ್ ಮತ್ತು ಪಾರ್ಸೆಲ್

ಹೊರಗಿನ ಮಾಮೂಲಿ ರೆಸ್ಟೋರೆಂಟಿಗೆ ಜಿಎಸ್‌ಟಿ 5%. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದ ದೊಡ್ಡ ಹೋಟೆಲುಗಳ ಒಳಗೆ 18%. ಸರ್ವಿಸ್ ಚಾರ್ಜ್ ತಾನಾಗಿ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಸಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಷ್ಟೆಲ್ಲ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಟ್ಟ ಸರ್ವರ್ ಕೈಗೆ ನೀವೇ ಒಂದಿಷ್ಟು ಕೊಡಿ.

ಉಳಿದ ಪಾಸ್ತಾ ಪಾರ್ಸೆಲ್ ಮಾಡಿಸಬೇಡಿ, ಮನೆ ತಲುಪುವಷ್ಟರಲ್ಲಿ ಮುದ್ದೆಯಾಗಿರುತ್ತೆ. ಪಿಜ್ಜಾ ಮಾಡಿಸಿ. ಬೆಳಿಗ್ಗೆ ಅದನ್ನು ಮೈಕ್ರೋವೇವ್‌ನಲ್ಲಿ ಇಟ್ಟರೆ ರಬ್ಬರ್ ಆಗುತ್ತೆ. ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡುಗಳನ್ನು ಇಡಿ. ಪಕ್ಕಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಮೂರು ನಿಮಿಷಕ್ಕೆ ತಳ ಗರಿಗರಿಯಾಗುತ್ತೆ, ಮೇಲೆ ಚೀಸ್ ಕರಗಿರುತ್ತೆ.